ನೆತ್ತಿಯ ಹೊಟ್ಟು, ಜವಳದ ಕೂದಲು

ಪ್ರಶ್ನೆ: ತಲೆ ತುಂಬ ಹೊಟ್ಟು. ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತೇನೆ, ಬೆಳಿಗ್ಗೆ ಬೋರ್‌ವೆಲ್ ನೀರಲ್ಲಿ ಮೈಸೋಪಿನಿಂದಲೇ ತೊಳೆಯುತ್ತೇನೆ. ಆದರೂ ಹೆಚ್ಚುತ್ತಿದೆಯಲ್ಲ?
– ಓದುಗರು, ಬಸವನ ಬಾಗೇವಾಡಿ

ಉತ್ತರ: ಹೊಟ್ಟೆಂದರೆ ನೆತ್ತಿ ಒಣಗಿದೆ, ಎಣ್ಣೆ ಕುಡಿಸಬೇಕು ಎಂದುಕೊಳ್ಳುವವರೇ ಹೆಚ್ಚು. ನಿಜ ಬೇರೆ. ನಮ್ಮೆಲ್ಲರ ನೆತ್ತಿಯಲ್ಲೂ ಇರುವ, ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಪದರು ಮೆತ್ತಗಾಗಿ ಅಂಟಿಕೊಂಡು ಕಾಣದಂತಾಗುತ್ತದೆ, ಅಷ್ಟೇ, ಹೊಟ್ಟು ಹೋಗುವುದಿಲ್ಲ.

ಸೋಪಿನದು ಇನ್ನೊಂದು ತೊಂದರೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಕೂಡಿ ಬೂದುಬಣ್ಣದ ಗಸಿಯಾಗುತ್ತದೆ. ಬಕೆಟ್ಟಿನ ಅಂಚನ್ನು ಬೆರಳಿನಿಂದ ಸವರಿ ನೋಡಿ, ಅದೇ ಗಸಿ ಕೂದಲಿಗೂ ಮೆತ್ತಿರುತ್ತದೆ. ಶಾಂಪೂ ಹಾಗೆ ಗಸಿ ಕಟ್ಟುವುದಿಲ್ಲ.

ಸದ್ಯಕ್ಕೆ ನೆತ್ತಿಗೆ ಎಣ್ಣೆ ನಿಲ್ಲಿಸಿ. ಶೇಕಡಾ 2ರ ಕೀಟೋಕೊನಜೋಲ್ (ಶಿಲೀಂಧ್ರ ತಡೆಯುವ ಔಷಧಿ) ಇರುವ ಶಾಂಪೂವನ್ನು ವಾರಕ್ಕೆ 2 ಸಲದಂತೆ 4 ವಾರ ಬಳಸಿ. ಒದ್ದೆ ನೆತ್ತಿಗೆ ಬೆರಳ ತುದಿಯಿಂದ ಹಚ್ಚಬೇಕು, ಉಗುರು ತಾಗಬಾರದು. 3ರಿಂದ 5 ನಿಮಿಷ ಬಿಟ್ಟು ತೊಳೆಯಿರಿ. ಬಹಳ ಜನ ಎಡವುವುದು ಇಲ್ಲೇ: ನೊರೆ ಬಂದ ಕೂಡಲೇ ನೀರು ಹಾಕಿಬಿಡುತ್ತಾರೆ, ಔಷಧಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. 4 ವಾರವಾದರೂ ಇಳಿಯದಿದ್ದರೆ ಅಥವಾ ನೆತ್ತಿ ಕೆಂಪಾಗಿ ನೀರಾಡಿದರೆ ಚರ್ಮವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಜವಳ ತೆಗೆಸಿದರೆ ಮಗುವಿನ ಕೂದಲು ದಟ್ಟವಾಗುತ್ತದೆಯೇ?
– ಓದುಗರು, ಜಮಖಂಡಿ

ಉತ್ತರ: ಇಲ್ಲ. ಜವಳ ಸಂಪ್ರದಾಯ, ಸಂತೋಷದಿಂದ ಮಾಡಿಸಿ. ಆದರೆ ಕೂದಲಿನ ಬೇರು ಚರ್ಮದೊಳಗಿದೆ, ಅಲ್ಲಿಗೆ ಕತ್ತಿ ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟೆನಿಸುವುದರಿಂದ ದಪ್ಪವಾದಂತೆ ತೋರುತ್ತದೆ. ಹೊಸ ಬ್ಲೇಡ್ ಹಾಕಿಸುವುದನ್ನು ಮಾತ್ರ ಮರೆಯಬೇಡಿ.