ಆ ಉಬ್ಬಿನ ಮೇಲೆ ಬೆರಳಿಟ್ಟು ಶುರು ಮಾಡಿ

ವಿಡಿಯೊ ಮಾಡುವ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಜನ ಯಾಕೆ ಪೂರ್ತಿ ನೋಡುವುದಿಲ್ಲ? ಊರು ಬೇರೆ, ವಿಷಯ ಬೇರೆ, ಸಂಕಟ ಮಾತ್ರ ಅದೇ. ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಫೋನ್ ಅಡ್ಡ ಹಿಡಿಯಬೇಕಾ, ಸ್ಟ್ಯಾಂಡ್ ಬೇಕಾ ಅಂತ ಕೇಳಿದವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರ ಪ್ರಶ್ನೆ: ಕಾಫಿ ಬೇಸಾಯದ ಬಗ್ಗೆ ವಾರಕ್ಕೊಂದು ವಿಡಿಯೊ ಹಾಕುತ್ತೇನೆ. ವಿಷಯ ಸರಿ ಇದೆ, ಮಾತೂ ಸ್ಪಷ್ಟ ಅನ್ನುತ್ತಾರೆ. ಆದರೆ ಯೂಟ್ಯೂಬ್ ಗ್ರಾಫ್ ನೋಡಿದರೆ ಅರ್ಧ ನಿಮಿಷದೊಳಗೆ ಮುಕ್ಕಾಲು ಜನ ಹೋಗಿಬಿಟ್ಟಿರುತ್ತಾರೆ. ಮುಖದಲ್ಲಿ ಜೋಶ್ ಬೇಕು, ಕೈ ಜಾಸ್ತಿ ಆಡಿಸಿ ಅಂತ ಒಂದು ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟರು. ಅದನ್ನೂ ಮಾಡಿದೆ. ಇನ್ನೇನು ಮಾಡಲಿ?

ಮೊದಲು ಆ ಕೈ ಆಡಿಸುವುದನ್ನು ನಿಲ್ಲಿಸಿ.

ನೀವು ಕಳಿಸಿದ ಕಾಂಡಕೊರಕದ (ಬೋರರ್ ಹುಳುವಿನ) ವಿಡಿಯೊ ಎರಡು ಸಲ ನೋಡಿದೆ. ಮೊದಲು ಲೋಗೊ ತಿರುಗುತ್ತದೆ, ಜೊತೆಗೆ ಸಂಗೀತ. ಆಮೇಲೆ "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ". ಆಮೇಲೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಆಮೇಲೆ ಕೊಡಗು ಕಾಫಿಗೆ ಹೆಸರಾದ ಜಿಲ್ಲೆ ಅನ್ನುವ ಮಾತು. ಹುಳುವಿನ ಹೆಸರು ನಿಮ್ಮ ಬಾಯಲ್ಲಿ ಬಂದಿದ್ದು 52ನೇ ಸೆಕೆಂಡಿಗೆ. ಅಷ್ಟರಲ್ಲಿ ಜನ ಹೋಗಿಯಾಗಿತ್ತು.

ಆದರೆ ನಾಲ್ಕನೇ ನಿಮಿಷದಲ್ಲಿ ಏನಾಯಿತು ನೋಡಿ. ನೀವು ಕುಕ್ಕರುಗಾಲಲ್ಲಿ ಕೂತಿರಿ. ಅರೇಬಿಕಾ ಗಿಡದ ಕಾಂಡದ ಮೇಲೆ ಹೆಬ್ಬೆರಳು ಇಟ್ಟು ಸವರಿದಿರಿ. ದನಿ ತಗ್ಗಿತು. "ಇಗೋ, ಈ ಉಬ್ಬು. ಇದು ಕಂಡರೆ ಹುಳು ಒಳಗೆ ಹೊಕ್ಕಾಗಿದೆ" ಅಂದಿರಿ. ಕತ್ತಿಯಲ್ಲಿ ಕಾಂಡ ಸೀಳಿದಿರಿ. ಒಳಗೆ ಅಂಕುಡೊಂಕಾದ ದಾರಿ, ಅದರ ತುಂಬ ಗಟ್ಟಿಯಾಗಿ ಅದುಮಿದ ಹುಡಿ. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ನಿಮ್ಮ ವಿಡಿಯೊ ಶುರುವಾಗಬೇಕಾದದ್ದು ಅಲ್ಲಿಂದ. ನಮಸ್ಕಾರ ಆಮೇಲೆ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ನಿಮ್ಮ ವಿಡಿಯೊ ಒತ್ತುವವರು ಯಾರು ಅಂತ ಒಂದು ಗಳಿಗೆ ಯೋಚಿಸಿ. ಅವರ ತೋಟದಲ್ಲಿ ನಾಲ್ಕು ಗಿಡ ಹಳದಿಯಾಗಿ ಸೊರಗಿ ನಿಂತಿವೆ. ರಾತ್ರಿ ಊಟ ಆದ ಮೇಲೆ ಭಯದಲ್ಲೇ ಫೋನ್ ತೆಗೆದಿದ್ದಾರೆ. ಇದು ಬೋರರ್ರಾ, ಅಲ್ವಾ, ಗಿಡ ಉಳಿಯುತ್ತದಾ, ಕಿತ್ತು ಸುಡಬೇಕಾ? ಅವರಿಗೆ ಬೇಕಾದ್ದು ಇಷ್ಟು. ಆ ಭಯಕ್ಕೆ ಮೊದಲ ವಾಕ್ಯದಲ್ಲೇ ಉತ್ತರ ಶುರುವಾದರೆ ಅವರು ಎದ್ದು ಹೋಗುವುದಿಲ್ಲ.

"ಸ್ನೇಹಿತರೇ" ಅಂದಾಗ ನಿಮ್ಮ ಕಣ್ಣ ಮುಂದೆ ಯಾರಿದ್ದಾರೆ? ಯಾರೂ ಇಲ್ಲ. ಅದಕ್ಕೇ ದನಿ ಮೈಕಾಸುರನ ಭಾಷಣದ ಹಾಗೆ ಆಗುತ್ತದೆ. ಪಕ್ಕದ ತೋಟದವರನ್ನೋ, ಪ್ರಶ್ನೆ ಕೇಳುವ ಅಳಿಯನನ್ನೋ ಕರೆದು ಫೋನಿನ ಹಿಂದೆ ನಿಲ್ಲಿಸಿ. ಅವರು ಕೇಳಲಿ, ನೀವು ಲೆನ್ಸ್ ನೋಡಿ ಉತ್ತರ ಹೇಳಿ. ಅವರಿಗೆ ಅರ್ಥವಾಗದ ಕಡೆ ಹುಬ್ಬು ಗಂಟಾಗುತ್ತದೆ. ನೀವು ತಾನಾಗಿ ಇನ್ನೊಂದು ಸಲ ಬಿಡಿಸಿ ಹೇಳುತ್ತೀರಿ. ಇದಕ್ಕಿಂತ ದೊಡ್ಡ ಟ್ರೈನಿಂಗ್ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ಮೊದಲ ದಿನ ಇದನ್ನೇ ಮಾಡಿಸುತ್ತೇನೆ.

ಸೆಲ್ಫಿ ಕ್ಯಾಮೆರಾದಲ್ಲಿ ಮಾಡುವಾಗ ನೀವು ನಿಮ್ಮ ಮುಖವನ್ನೇ ನೋಡುತ್ತೀರಿ. ನೋಡುವವರಿಗೆ ನಿಮ್ಮ ಕಣ್ಣು ಅವರ ಕುತ್ತಿಗೆ ಮೇಲಿರುವ ಹಾಗೆ ಕಾಣುತ್ತದೆ. ಸ್ಕ್ರೀನ್ ಮೇಲೆ ಕಾಗದ ಅಂಟಿಸಿ, ಇಲ್ಲವೇ ಹಿಂದಿನ ಕ್ಯಾಮೆರಾ ಬಳಸಿ.

ಪೂರ್ತಿ ಬರೆದು ಬಾಯಿಪಾಠ ಮಾಡಬೇಡಿ. ಮೊದಲ ವಾಕ್ಯ ಮಾತ್ರ ಬಾಯಿಗೆ ಬಂದಿರಲಿ. ಉಳಿದಿದ್ದಕ್ಕೆ ಚೀಟಿಯಲ್ಲಿ ಮೂರು ಪದ ಸಾಕು: ಉಬ್ಬು, ಸೀಳು, ಸುಡು. ಮಾತು ತಪ್ಪಿದರೆ ತಪ್ಪಿದ ಪದದಿಂದ ಶುರು ಮಾಡಬೇಡಿ, ಇಡೀ ವಾಕ್ಯ ಮತ್ತೆ ಹೇಳಿ. ಕತ್ತರಿಸಿ ಜೋಡಿಸುವಾಗ ಅದೇ ಕೈ ಹಿಡಿಯುತ್ತದೆ. ಆ ಸೀಳಿದ ಕಾಂಡ ತೋರಿಸುವಾಗ ಎರಡು ಸೆಕೆಂಡ್ ಸುಮ್ನಿರಿ. ನೀವು ಅಲ್ಲೂ ಮಾತಾಡಿದ್ದೀರಿ. ಜನ ನೋಡಲಿ ಬಿಡಿ.

ಇನ್ನು ಆ ಟ್ರೈನಿಂಗ್ ವಿಷಯ. "ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7, ದನಿ ಶೇ 38, ಮೈಭಾಷೆ ಶೇ 55" ಅಂತ ಬೋರ್ಡ್ ಮೇಲೆ ಬರೆದಿರಬೇಕು ಅಲ್ವಾ? ಎಲ್ಲರೂ ಬರೆಯುತ್ತಾರೆ. ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಅಂಕಿ 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಪ್ರಕಟಿಸಿದ ಪ್ರಯೋಗಗಳದ್ದು. ಒಂದು ಪದ, ಅದನ್ನು ಹೇಳಿದ ದನಿ, ಮುಖದ ಫೋಟೊ ಒಂದಕ್ಕೊಂದು ಹೊಂದದೇ ಇದ್ದಾಗ, ಹೇಳಿದವರಿಗೆ ಇಷ್ಟವೋ ಇಷ್ಟವಿಲ್ಲವೋ ಅಂತ ಜನ ಹೇಗೆ ಊಹಿಸುತ್ತಾರೆ ಅನ್ನುವುದಷ್ಟೇ ಅಲ್ಲಿನ ವಿಷಯ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಪದಕ್ಕೆ ಶೇ 7 ಮಾತ್ರ ಬೆಲೆ ಅನ್ನುವುದಾದರೆ, ಯಾವ ಗಿಡ ಕೀಳಬೇಕು ಅಂತ ಮೈಭಾಷೆಯಲ್ಲಿ ಹೇಳಿ ನೋಡೋಣ. "ಮನುಷ್ಯನ ಗಮನ ಎಂಟೇ ಸೆಕೆಂಡ್, ಗೋಲ್ಡ್‌ಫಿಷ್‌ಗಿಂತ ಕಮ್ಮಿ" ಅನ್ನುವುದೂ ಇದೇ ಜಾತಿಯ ಮಾತು. ಮೂರು ಗಂಟೆ ಸಿನಿಮಾ ನೋಡುವ ಜನ ನಾವು. ಈ ಸುಳ್ಳು ನಂಬಿಯೇ ನಮ್ಮವರು ಕಿರುಚಿಕೊಂಡು ವಿಡಿಯೊ ಶುರು ಮಾಡುತ್ತಿರುವುದು. ಕೈ ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಕೈಗೆ ಕತ್ತಿ ಕೊಡಿ, ಕಾಯಿ ಕೊಡಿ, ಎಲೆ ಕೊಡಿ. ಕೆಲಸ ಇರುವ ಕೈ ತಾನೇ ಸರಿಯಾಗಿ ಆಡುತ್ತದೆ.

ಬೆಳಕಿನ ಬಗ್ಗೆ ಒಂದೇ ಮಾತು. ಸಿಲ್ವರ್ ಓಕ್ ಕೆಳಗೆ ನಿಂತರೆ ಎಲೆಗಳ ನಡುವಿನ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ. ನಿಮ್ಮ ಒಂದು ಕಣ್ಣು ಬೆಳಕಲ್ಲಿ, ಒಂದು ಕತ್ತಲಲ್ಲಿ. ನಾಲ್ಕು ಹೆಜ್ಜೆ ಸರಿದು ಪೂರ್ತಿ ನೆರಳಿಗೆ ಬನ್ನಿ.

ಮಡಿಕೇರಿಯಿಂದ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಮಳೆ ಸದ್ದು. ಮಾತು ಕೇಳುವುದೇ ಇಲ್ಲ. ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದಾ?

ತೆಗೆದರೆ ನಿಮ್ಮ ದನಿಯೂ ತಗಡಿನ ಡಬ್ಬದಿಂದ ಬಂದ ಹಾಗೆ ಆಗುತ್ತದೆ. ಕಾಲರ್ ಮೈಕ್ ಅನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಹಾಸಿಗೆ, ಕಂಬಳಿ, ಬಟ್ಟೆ ಇರುವ ಕೋಣೆಯಲ್ಲಿ ಕೂತುಕೊಳ್ಳಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ.

ಗೋಣಿಕೊಪ್ಪದಿಂದ: ಯಾವ ಕ್ಯಾಮೆರಾ ಕೊಳ್ಳಲಿ?

ಕೊಳ್ಳಬೇಡಿ. ಮೇಲಿನ ಉತ್ತರದ ಮೈಕ್ ಕೊಳ್ಳಿ.

ವಿರಾಜಪೇಟೆಯಿಂದ: ಬಲ್ಬ್ ಬೆಳಕಲ್ಲಿ ವಿಡಿಯೊ ತುಂಬ ಪಟ್ಟೆ ಪಟ್ಟೆ.

ನಮ್ಮ ಕರೆಂಟು 50 ಹರ್ಟ್ಸ್, ಬಲ್ಬ್ ಅದರ ಲಯಕ್ಕೆ ಮಿನುಗುತ್ತದೆ, ಕ್ಯಾಮೆರಾ ಲಯ ಹೊಂದದಿದ್ದರೆ ಪಟ್ಟೆ. ಫ್ರೇಮ್ ಸೆಕೆಂಡಿಗೆ 25ಕ್ಕೆ, ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ.

ಕುಶಾಲನಗರದಿಂದ: ದನಿ ಗಡುಸಾಗಲು ರೆಕಾರ್ಡಿಂಗ್‌ಗೆ ಮುಂಚೆ ಜೇನಿಗೆ ಕರಿಮೆಣಸು ಹಾಕಿ ನುಂಗಿದರೆ ಆಗುತ್ತದಂತೆ? ಮತ್ತೆ, ದುಡ್ಡು ಕೊಟ್ಟು ಸಾವಿರ ಸಬ್‌ಸ್ಕ್ರೈಬರ್ ತಗೊಳ್ಳಬಹುದಾ?

ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ದನಿ ಬರುವ ತಂತುಗಳನ್ನು ಮುಟ್ಟುವುದೂ ಇಲ್ಲ. ನೀರು ಕುಡಿಯಿರಿ. ಎರಡನೆಯದು ಶುದ್ಧ ಮೋಸ. ಉದ್ದದ ವಿಡಿಯೊಗಳ ಲೆಕ್ಕದಲ್ಲಿ ಜಾಹೀರಾತಿನ ಹಣ ಬರಲು 1,000 ಸಬ್‌ಸ್ಕ್ರೈಬರ್ ಜೊತೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. ಕೊಂಡ ಸಬ್‌ಸ್ಕ್ರೈಬರ್ ಒಂದು ನಿಮಿಷವೂ ನೋಡುವುದಿಲ್ಲ. ಯೂಟ್ಯೂಬ್ ಕಂಡುಹಿಡಿದರೆ ಚಾನೆಲ್ಲೇ ಹೋಗಬಹುದು.

ನಾಪೋಕ್ಲಿನಿಂದ: ನನ್ನ ಕನ್ನಡದಲ್ಲಿ ಕೊಡವ ತಕ್ಕ್‌ನ (ಕೊಡವ ಭಾಷೆಯ) ಧಾಟಿ ಬರುತ್ತದೆ. ಬೆಂಗಳೂರಿನವರು ನಗುತ್ತಾರೆ. ಸರಿ ಮಾಡಿಕೊಳ್ಳುವುದು ಹೇಗೆ?

ಸರಿ ಮಾಡಿಕೊಳ್ಳಲು ಅದೇನು ತಪ್ಪಾ? ನೀವು ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಮಾಡಿ ತೋರಿಸುವವರು. ಹುಳಿಗೆ ಕಾಚಂಪುಳಿ ಹಾಕುವಾಗ ನಿಮ್ಮ ಅಜ್ಜಿ ಹೇಳುತ್ತಿದ್ದ ಹಾಗೇ ಹೇಳಿ. ಆ ಧಾಟಿ ಕೇಳಿಯೇ ನೋಡುವವರು ಇವರು ಕಂಡು ಮಾಡಿದವರು ಅಂತ ನಂಬುತ್ತಾರೆ. ಕೊಡಗಿನ ಇನ್ನೊಂದು ನುಡಿಯಾದ ಅರೆಭಾಷೆಯವರಿಗೂ ಇದೇ ಮಾತು. ಟಿವಿ ನಿರೂಪಕರ ಕನ್ನಡ ಬಾಡಿಗೆಗೆ ತರಬೇಡಿ, ದಯವಿಟ್ಟು.

ಸಿದ್ದಾಪುರದಿಂದ: ಬೆಳಗ್ಗೆ ಆರಕ್ಕೆ ತೋಟದಲ್ಲಿ ಮಂಜು ಚೆನ್ನಾಗಿರುತ್ತದೆ. ಒಬ್ಬನೇ ಹೋಗಿ ರೆಕಾರ್ಡ್ ಮಾಡುತ್ತೇನೆ. ಫ್ರೇಮ್ ಹೇಗಿಡಲಿ?

ಇಡಬೇಡಿ. ನಿಮ್ಮ ಕಡೆ ಆನೆ ತೋಟದೊಳಗೇ ಇರುತ್ತವೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಲೆನ್ಸ್ ಮೇಲೆ, ಬೆನ್ನು ಗಿಡಗಳ ಕಡೆ. ಮಂಜಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಬಿಸಿಲು ಬಂದ ಮೇಲೆ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು, ಮನೆ ಮುಂದಿನ ಕಣದಲ್ಲಿ ಮಾಡಿ. ಮಂಜಿನ ಫ್ರೇಮ್ ನಾನು ಹೇಳಿಕೊಡುವುದಿಲ್ಲ.