ಯಾವ ಪಕ್ಷವೂ ಒಪ್ಪಿಗೆಯಿಲ್ಲ, ವೋಟಿಗೆ ಜಗಳೂರಿಗೆ ಹೋಗಬೇಕಾ?

ಯಾವ ಪಕ್ಷವೂ ನನ್ನದು ಅನಿಸಲ್ಲ, ದಾವಣಗೆರೆಯಿಂದ ಜಗಳೂರಿಗೆ ಹೋಗಿ ವೋಟು ಹಾಕೋದು ದಂಡ ಅಲ್ವಾ ಅಂತ ಕೇಳಿದ್ದೀರಿ. ನಿಮ್ಮ ವಿಚಾರಕ್ಕೆ ಪೂರ್ತಿ ಹೊಂದುವ ಪಕ್ಷ ಹುಡುಕುತ್ತಿರುವುದೇ ಈ ಬೇಸರಕ್ಕೆ ಕಾರಣ ಇರಬೇಕು. ಅಂಥದ್ದು ನನಗೂ ಸಿಕ್ಕಿಲ್ಲ.

ಆದರೆ ದಂಡ ಅನ್ನೋ ಮಾತು ಜಗಳೂರಿಗಂತೂ ಒಪ್ಪಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ ಸಾವಿರ ವೋಟೂ ಇರಲಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಬರೀ ಒಂದು ವೋಟು. ನಿಮ್ಮ ವೋಟಿನಿಂದ ಊರು ಬದಲಾಗುತ್ತೆ ಅಂತ ಖಾತ್ರಿ ಕೊಡಲಾರೆ, ಲೆಕ್ಕಕ್ಕಂತೂ ಬರುತ್ತೆ.

ಮೊದಲು ನಿಮಗೆ ಮುಖ್ಯವಾದ ಎರಡೇ ವಿಷಯ ಬರೆದುಕೊಳ್ಳಿ. ಕುಡಿಯುವ ನೀರು, ಆಸ್ಪತ್ರೆ, ಏನೇ ಇರಲಿ. ಆಮೇಲೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಅಭ್ಯರ್ಥಿಗಳ ಅಫಿಡವಿಟ್ ತೆಗೆದು ಓದಿ. ಅವರ ಮೇಲಿರುವ ಕೇಸು, ಬ್ಯಾಂಕಿನ ಸಾಲ, ಹೆಂಡತಿ ಹೆಸರಿನ ಜಮೀನು, ಐದು ವರ್ಷದ ಆದಾಯ ಎಲ್ಲ ಅದರಲ್ಲಿರುತ್ತೆ. ಭಾಷಣಕ್ಕಿಂತ ನಾನು ಅದನ್ನೇ ಜಾಸ್ತಿ ನಂಬುತ್ತೇನೆ. ಯಾರೂ ಬೇಡ ಅನಿಸಿದರೆ ನೋಟಾ ಇದೆ. ಅದಕ್ಕೆ ಎಷ್ಟೇ ವೋಟು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ, ತಿಳಿದಿರಲಿ.

ದಾವಣಗೆರೆಯಲ್ಲೇ ಕಾಯಂ ಆಗಿದ್ದರೆ ಈಗಲೇ ಫಾರಂ 8 ತುಂಬಿ ಹೆಸರು ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಗೊಂದಲ ಆದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.