ವಿಸಿಒ ಗುಂಯ್ ಅಂತ ನಿಲ್ಲದೇ ಬರ್ತಿದೆ ಅಂದಿದ್ರಲ್ಲ, ಅದಕ್ಕೆ ಉತ್ತರ

ಬ್ರದರ್, ನೀವು ಕೇಳಿದ್ದು ಮೂರು ವಿಷಯ. ವಿಸಿವಿ ರ್ಯಾಕ್ (ಮಾಡ್ಯೂಲ್ ಅನ್ನೋ ಬಿಡಿ ಬಿಡಿ ಭಾಗಗಳನ್ನ ಕೇಬಲ್‌ನಿಂದ ಜೋಡಿಸಿ ಸೌಂಡ್ ಮಾಡೋ ಮಾಡ್ಯುಲರ್ ಸಿಂತಸೈಜರಿನ ಕಂಪ್ಯೂಟರ್ ಸಾಫ್ಟ್‌ವೇರ್) ಹಾಕ್ಕೊಂಡು ವಿಸಿಒ ಇಂದ, ಅಂದ್ರೆ ಸ್ವರ ಹುಟ್ಟಿಸೋ ಆಸಿಲೇಟರ್ ಮಾಡ್ಯೂಲ್‌ನಿಂದ, ಸೀದಾ ಆಡಿಯೋ ಮಾಡ್ಯೂಲ್‌ಗೆ ಕೇಬಲ್ ಎಳೆದ್ರೆ ಗುಂಯ್ ಅಂತ ಒಂದೇ ಸಮ ಬರ್ತಿದೆ, ಕೀ ಒತ್ತಿದ್ರೂ ಬಿಟ್ರೂ ನಿಲ್ತಿಲ್ಲ ಯಾಕೆ, ಸಿವಿ, ಗೇಟ್, ಎನ್ವಲಪ್ ಅಂತಾರಲ್ಲ ಅವೆಲ್ಲ ಏನು, ಮತ್ತೆ ಹಾರ್ಡ್‌ವೇರ್ ಈಗ್ಲೇ ತಗೋಬಹುದಾ ಅಂತ. ಸ್ವಲ್ಪ ಉದ್ದ ಆಗತ್ತೆ, ರ್ಯಾಕ್ ಓಪನ್ ಮಾಡ್ಕೊಂಡೇ ಓದಿ.

ನಿಮ್ಮ ಪ್ಯಾಚ್, ಅಂದ್ರೆ ಕೇಬಲ್ ಜೋಡಣೆ, ಕೆಟ್ಟಿಲ್ಲ. ಆಸಿಲೇಟರ್ ಇರೋದೇ ಹಾಗೆ, ಕರೆಂಟ್ ಇರೋ ತನಕ ಶ್ರುತಿಪೆಟ್ಟಿಗೆ ತರ ನುಡೀತಾನೇ ಇರತ್ತೆ. ಹಳೇ ಅನಲಾಗ್ ಸಿಂತ್‌ಗಳಲ್ಲೂ ಕೀ ಬಿಟ್ಟಾಗ ಆಸಿಲೇಟರ್ ನಿಲ್ಲಲ್ಲ, ಅದರ ಮುಂದೆ ಒಂದು ಬಾಗಿಲು ಇರತ್ತೆ, ಅದು ಮುಚ್ಕೊಳತ್ತೆ ಅಷ್ಟೆ. ಆ ಬಾಗಿಲೇ ವಿಸಿಎ, ವೋಲ್ಟೇಜ್ ಹೇಳಿದ ಹಾಗೆ ಸೌಂಡ್ ಏರಿಸಿ ಇಳಿಸೋ ಆಂಪ್ಲಿಫೈಯರ್. ನಿಮ್ಮ ಪ್ಯಾಚ್‌ನಲ್ಲಿ ಬಾಗಿಲೇ ಇಲ್ಲ, ಅದಕ್ಕೆ ಸೌಂಡ್ ಹೊರಗೆ ಬರ್ತಾನೇ ಇದೆ.

ಈಗ ಮುಖ್ಯ ವಿಷಯ. ಈ ಕೇಬಲ್‌ಗಳಲ್ಲಿ ಓಡೋದೆಲ್ಲ ವೋಲ್ಟೇಜ್, ಬೇರೆ ಏನೂ ಇಲ್ಲ. ಸೌಂಡೂ ವೋಲ್ಟೇಜೇ, ಸೌಂಡಿಗೆ ಹೀಗೆ ಮಾಡು ಅಂತ ಹೇಳೋದೂ ವೋಲ್ಟೇಜೇ. ವೋಲ್ಟೇಜ್ ಸೆಕೆಂಡಿಗೆ 440 ಸಲ ಮೇಲೆ ಕೆಳಗೆ ಆದ್ರೆ ಕಿವಿಗೆ ಸ್ವರ. ಅದೇ ಸೆಕೆಂಡಿಗೆ 2 ಸಲ ಆದ್ರೆ ಕಿವಿಗೆ ಏನೂ ಕೇಳ್ಸಲ್ಲ, ಆದ್ರೆ ಅದನ್ನ ಇನ್ನೊಂದು ಮಾಡ್ಯೂಲ್‌ಗೆ ಕೊಟ್ರೆ ಯಾರೋ ಕೂತ್ಕೊಂಡು ಅದರ ನಾಬ್ ಆ ಕಡೆ ಈ ಕಡೆ ತಿರುಗಿಸ್ತಿರೋ ಹಾಗೆ ಆಗತ್ತೆ. ಹಾಗೆ ತಿರುಗಿಸೋ ವೋಲ್ಟೇಜ್‌ಗೇ ಸಿವಿ ಅನ್ನೋದು, ಕಂಟ್ರೋಲ್ ವೋಲ್ಟೇಜ್. ಎಲ್‌ಎಫ್‌ಒ ಅಂದ್ರೂ ನಿಧಾನಕ್ಕೆ ಓಡೋ ಆಸಿಲೇಟರ್ ಅಷ್ಟೇ. ಇದನ್ನ ಓದಿ ನಂಬೋದಕ್ಕಿಂತ ಮಾಡಿ ನೋಡಿ: ಎಲ್‌ಎಫ್‌ಒ ಸೈನ್ ಔಟನ್ನ ವಿಸಿಒನ ಎಫ್‌ಎಂ ಇನ್‌ಗೆ (ಪಿಚ್ ಅಲುಗಾಡಿಸೋ ಇನ್‌ಪುಟ್) ಹಾಕಿ, ಎಫ್‌ಎಂ ನಾಬ್ ಸ್ವಲ್ಪ ಏರಿಸಿ. ಮೊದಲು ಧ್ವನಿ ಅಲುಗಾಡತ್ತೆ. ಎಲ್‌ಎಫ್‌ಒ ಸ್ಪೀಡ್ ಜಾಸ್ತಿ ಮಾಡ್ತಾ ಹೋಗಿ, ಸೆಕೆಂಡಿಗೆ 20 ದಾಟಿ ಮೇಲಕ್ಕೆ ಹೋಗ್ತಿದ್ದ ಹಾಗೆ ಅಲುಗಾಟ ಮಾಯ ಆಗಿ ಗಂಟೆ ಬಡಿದಂಗೆ, ಕಂಚಿನ ಪಾತ್ರೆ ತಟ್ಟಿದಂಗೆ ಒಂದು ಹೊಸ ನಾದ ಹುಟ್ಟತ್ತೆ. ಕೇಬಲ್ ಅದೇ, ವೋಲ್ಟೇಜ್ ಅದೇ, ಬರೀ ವೇಗ ಬದಲಾಯ್ತು. ನನಗೆ ಮಾಡ್ಯುಲರ್ ಅರ್ಥ ಆಗಿದ್ದು ಆವತ್ತೇ.

ಪಿಚ್‌ಗೆ ಲೆಕ್ಕ ಒಂದು ವೋಲ್ಟ್‌ಗೆ ಒಂದು ಆಕ್ಟೇವ್. ಅಂದ್ರೆ ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಹೋಗಬೇಕಂದ್ರೆ 1 ವೋಲ್ಟ್ ಏರಬೇಕು, ಕೀಬೋರ್ಡಿನ ಒಂದೊಂದು ಕೀಗೆ ಅದರ ಹನ್ನೆರಡನೇ ಒಂದು ಭಾಗ, ಸುಮಾರು 83 ಮಿಲಿವೋಲ್ಟ್. ಇದು 60ರ ದಶಕದಲ್ಲಿ ಅಮೆರಿಕದ ಸಿಂತ್ ತಯಾರಕ ರಾಬರ್ಟ್ ಮೂಗ್ ಹಿಡಿದ ದಾರಿ, ಅದೇ ಟೈಮಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ತಯಾರಕ ಡಾನ್ ಬುಕ್ಲಾ ಮಾಮೂಲಿ ಕೀಬೋರ್ಡೇ ಬೇಡ ಅಂತ ಮುಟ್ಟಿ ನುಡಿಸೋ ಪ್ಲೇಟ್ ಇಟ್ಟ. ನಮ್ಮ ಸಂಗೀತ ಕೇಳಿ ಬೆಳೆದೋರು ಇಲ್ಲಿ ಒಂದು ಗಮನಿಸಬೇಕು: ಮೆಟ್ಟಿಲು ಇರೋದು ಕೀಬೋರ್ಡಿಗೆ, ವೋಲ್ಟೇಜಿಗೆ ಮೆಟ್ಟಿಲಿಲ್ಲ. ಕೀಬೋರ್ಡ್ ಮತ್ತು ವಿಸಿಒ ಮಧ್ಯೆ ಒಂದು ಸ್ಲೂ ಲಿಮಿಟರ್ (ವೋಲ್ಟೇಜ್ ಥಟ್ ಅಂತ ಹಾರದೆ ನಿಧಾನಕ್ಕೆ ಬದಲಾಗೋ ಹಾಗೆ ಮಾಡೋ ಮಾಡ್ಯೂಲ್) ಹಾಕಿದ್ರೆ ಸ್ವರದಿಂದ ಸ್ವರಕ್ಕೆ ಜಾರು ಬರತ್ತೆ. ಗಮಕ ಪೂರ್ತಿ ಬರಲ್ಲ, ಅದು ಬೇರೆ ಸಾಧನೆ, ಆದ್ರೆ ದಾರಿ ತೆರೆದಿದೆ.

ವೇವ್‌ಫಾರ್ಮ್, ಅಂದ್ರೆ ಅಲೆಯ ಆಕಾರದ ಬಗ್ಗೆ ಬೇಗ ಹೇಳಿಬಿಡ್ತೀನಿ. ಸೈನ್‌ನಲ್ಲಿ ಮೂಲ ಸ್ವರ ಬಿಟ್ರೆ ಏನೂ ಇಲ್ಲ, ಸಾ ಅಂದ್ರೆ (ಸರಿಗಮದ ಸಾ ಅಲ್ಲ, ಇಂಗ್ಲಿಷಿನ saw) ಗರಗಸದ ಹಲ್ಲಿನ ಆಕಾರದ್ದು, ಅದರಲ್ಲಿ ಎಲ್ಲಾ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು) ಇರತ್ತೆ, ಸ್ಕ್ವೇರ್‌ನಲ್ಲಿ ಬೆಸ ಸಂಖ್ಯೆದು ಮಾತ್ರ, ಅದಕ್ಕೇ ಟೊಳ್ಳು ಟೊಳ್ಳಾಗಿ ಕೇಳ್ಸತ್ತೆ. ಫಿಲ್ಟರ್ ಹೊಸದಾಗಿ ಏನೂ ಸೇರಿಸಲ್ಲ, ಇರೋದನ್ನ ಸೋಸತ್ತೆ, ಹಾಗಾಗಿ ಸೈನ್‌ನ ಫಿಲ್ಟರ್‌ಗೆ ಹಾಕಿ ಏನೂ ಬದಲಾಗ್ತಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಸಾ ಹಾಕಿ. ಒಂದೇ ಒಂದು ವಿಷಯಕ್ಕೆ ಎಚ್ಚರ, ಫಿಲ್ಟರ್‌ನ ರೆಸೊನೆನ್ಸ್ (ಸೋಸೋ ಜಾಗದ ಹತ್ರದ ಸ್ವರಗಳನ್ನ ಎತ್ತಿ ಕೊಡೋ ನಾಬ್) ಪೂರ್ತಿ ಏರಿಸಿದ್ರೆ ಎಷ್ಟೋ ಫಿಲ್ಟರ್‌ಗಳು ತಾವೇ ಕೂಗಕ್ಕೆ ಶುರು ಮಾಡ್ತವೆ, ಹೆಡ್‌ಫೋನ್ ಹಾಕಿದ್ರೆ ದಯವಿಟ್ಟು ವಾಲ್ಯೂಮ್ ಇಳಿಸಿ ಆಮೇಲೆ ಮುಟ್ಟಿ, ಕಿವಿ ಹೋದ್ರೆ ವಾಪಸ್ ಬರಲ್ಲ.

ಗೇಟ್ ಅಂದ್ರೆ ಕೀ ಒತ್ತಿದೆ, ಬಿಟ್ಟಿದೆ ಅನ್ನೋ ಸುದ್ದಿ ಅಷ್ಟೇ, ರ್ಯಾಕ್‌ನಲ್ಲಿ ಒತ್ತಿದಾಗ 10 ವೋಲ್ಟ್, ಬಿಟ್ಟಾಗ ಸೊನ್ನೆ. ಗೇಟನ್ನೇ ಸೀದಾ ವಿಸಿಎಗೆ ಕೊಟ್ರೆ ಬಾಗಿಲು ಧಡಾರ್ ಅಂತ ತೆಗೆದು ಧಡಾರ್ ಅಂತ ಮುಚ್ಚತ್ತೆ. ಹೇಗೆ ತೆಗೀಬೇಕು, ಹೇಗೆ ಮುಚ್ಚಬೇಕು ಅಂತ ಹೇಳೋದು ಎನ್ವಲಪ್, ಅಂದ್ರೆ ಎಡಿಎಸ್‌ಆರ್. ಅಟ್ಯಾಕ್ (ಏರೋದು), ಡಿಕೇ (ಏರಿದ ಮೇಲೆ ಸಸ್ಟೇನ್‌ಗೆ ಇಳಿಯೋದು), ರಿಲೀಸ್ (ಕೀ ಬಿಟ್ಟ ಮೇಲೆ ಸೊನ್ನೆಗೆ ಇಳಿಯೋದು) ಈ ಮೂರೂ ಸಮಯ, ಸಸ್ಟೇನ್ ಮಾತ್ರ ಸಮಯ ಅಲ್ಲ, ಅದು ಮಟ್ಟ, ಕೀ ಹಿಡಿದಿರೋವರೆಗೆ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅಂತ. ಹೊಸಬರು ಎಡವೋದೇ ಇಲ್ಲಿ. ಕೊಳಲು ಊದೋ ತನಕ ನಿಲ್ಲತ್ತೆ, ಅದಕ್ಕೆ ಸಸ್ಟೇನ್ ಬೇಕು. ಮೃದಂಗಕ್ಕೆ ಹೊಡೆದ ಮೇಲೆ ಕೈ ಅಲ್ಲೇ ಇಟ್ಟರೂ ಎತ್ತಿದ್ರೂ ನಾದ ಇಳಿದೇ ಇಳಿಯತ್ತೆ, ಅದಕ್ಕೆ ಸಸ್ಟೇನ್ ಸೊನ್ನೆ.

ಈಗ ಒಂದು ಚರ್ಮವಾದ್ಯದ ಏಟು ಮಾಡೋಣ. ವಿಸಿಒನ ಸೈನ್ ತಗೊಳ್ಳಿ, ಫ್ರೀಕ್ವೆನ್ಸಿ 65 ಹರ್ಟ್ಸ್ ಸುತ್ತ ಇಡಿ. ಸೈನ್ ಔಟ್ ವಿಸಿಎಗೆ, ವಿಸಿಎ ಆಡಿಯೋಗೆ. ಮಿಡಿ ಟು ಸಿವಿ ಮಾಡ್ಯೂಲ್‌ನ (ಕೀಬೋರ್ಡ್ ಕಳಿಸೋ ಮಿಡಿ ಸುದ್ದಿನ ವೋಲ್ಟೇಜ್ ಮಾಡಿ ಕೊಡೋದು) ಗೇಟನ್ನ ಎರಡು ಎಡಿಎಸ್‌ಆರ್‌ಗೆ ಕೊಡಿ (ಮಿಡಿ ಕೀಬೋರ್ಡ್ ಇಲ್ಲದಿದ್ರೆ ಅದರಲ್ಲಿ ಕಂಪ್ಯೂಟರ್ ಕೀಬೋರ್ಡ್ ಆರಿಸಿಕೊಂಡ್ರೆ ಸಾಕು). ಎರಡಕ್ಕೂ ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ. ಮೊದಲನೇದು ವಿಸಿಎಗೆ, ಡಿಕೇ 300 ಮಿಲಿಸೆಕೆಂಡ್. ಎರಡನೇದು ವಿಸಿಒನ ಎಫ್‌ಎಂಗೆ, ಡಿಕೇ 50 ಮಿಲಿಸೆಕೆಂಡ್, ಎಫ್‌ಎಂ ನಾಬ್ 20 ಪರ್ಸೆಂಟ್. ಎನ್ವಲಪ್ ತುದಿ 10 ವೋಲ್ಟ್, ಅದರ 20 ಪರ್ಸೆಂಟ್ 2 ವೋಲ್ಟ್, ಅಂದ್ರೆ ಎರಡು ಆಕ್ಟೇವ್, ಹಾಗಾಗಿ ಪಿಚ್ 260ರ ಹತ್ರ ಶುರುವಾಗಿ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ 65ಕ್ಕೆ ಬೀಳತ್ತೆ. ಆ ಬೀಳೋದೇ ಏಟಿನ ಪೆಟ್ಟು. ಎರಡನೇ ಕೇಬಲ್ ಕಿತ್ತು ನೋಡಿ, ಬರೀ ಮೊದ್ದಾಗಿ ಹುಂ ಅನ್ನತ್ತೆ, ಮತ್ತೆ ಹಾಕಿ, ತೊಂ ಅನ್ನತ್ತೆ. ರಿಲೀಸನ್ನೂ ಡಿಕೇ ಅಷ್ಟೇ ಇಡಿ, ಇಲ್ಲಾಂದ್ರೆ ಕೀ ಬೇಗ ಬಿಟ್ಟಾಗ ನಾದ ತುಂಡಾಗತ್ತೆ.

ಹಾರ್ಡ್‌ವೇರ್ ಬಗ್ಗೆ ನನ್ನ ಅಭಿಪ್ರಾಯ, ಈಗ ಬೇಡ. ಆರು ತಿಂಗಳು ರ್ಯಾಕ್‌ನಲ್ಲಿ ಮಾಡಿ, ನಿಮ್ಮ ಕೈ ಪದೇ ಪದೇ ಯಾವ ಮಾಡ್ಯೂಲ್‌ಗೆ ಹೋಗತ್ತೆ ನೋಡಿ, ಆಮೇಲೆ ಅದನ್ನ ತಗೊಳ್ಳಿ. ಯೂರೋರ್ಯಾಕ್ ಅನ್ನೋದು ಹಾರ್ಡ್‌ವೇರ್ ಮಾಡ್ಯೂಲ್‌ಗಳಿಗೆ ಜರ್ಮನಿಯ ಡೋಪ್‌ಫರ್ ಕಂಪನಿ 90ರ ದಶಕದಲ್ಲಿ ಶುರು ಮಾಡಿದ ಅಳತೆ, ಪ್ಯಾನೆಲ್ ಎತ್ತರ 128.5 ಮಿಮೀ, ಅಗಲವನ್ನ ಎಚ್‌ಪಿ ಲೆಕ್ಕದಲ್ಲಿ ಹೇಳ್ತಾರೆ, 1 ಎಚ್‌ಪಿ ಅಂದ್ರೆ 5.08 ಮಿಮೀ. ಪವರ್ ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್, ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಮೈನಸ್ 12ರ ಕಡೆ ಬರಬೇಕು. ನಾನು ಒಂದು ಸೆಕೆಂಡ್‌ಹ್ಯಾಂಡ್ ಮಾಡ್ಯೂಲ್ ತಗೊಂಡಿದ್ದೆ, ಮಾರಿದವರು ಕೊಟ್ಟ ಕೇಬಲ್‌ನ ಗೆರೆ ಉಲ್ಟಾ ಕಡೆ ಇತ್ತು, ಗೆರೆ ನಂಬಿ ಹಾಕಿದೆ, ಸ್ವಿಚ್ ಒತ್ತಿದ ಕೂಡಲೇ ಸುಟ್ಟ ವಾಸನೆ, ಅದು ಮತ್ತೆ ಏಳಲೇ ಇಲ್ಲ. ತುಂಬಾ ದಿನ ನೋವಾಯ್ತು. ಬೋರ್ಡ್ ಮೇಲೆ ಬರೆದಿರೋ ಗುರುತು ನೋಡಿ, ಕೇಬಲ್‌ನ ಎರಡೂ ತುದಿ ನೋಡಿ, ಆಮೇಲೇ ಸ್ವಿಚ್ ಹಾಕಿ.

ಈ ಮಾಡ್ಯುಲರ್ ಎಲ್ಲ ಹೊರದೇಶದೋರಿಗೆ ಅಂತ ಇದೇ ಚರ್ಚೆಯಲ್ಲಿ ಒಬ್ರು ಬರೆದಿದ್ರು. 1969ರಲ್ಲೇ ಅಹಮದಾಬಾದ್‌ನ ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಮೂಗ್ ಮಾಡ್ಯುಲರ್ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟೋಕೆ ನೆರವಾಗಿದ್ರು, ಗೀತಾ ಸಾರಾಭಾಯ್, ಅತುಲ್ ದೇಸಾಯಿ ತರದ ನಮ್ಮ ಸಂಗೀತಗಾರರು ಅದರಲ್ಲಿ ಕೆಲಸ ಮಾಡಿ ಟೇಪ್ ಮಾಡಿಟ್ಟಿದಾರೆ. ಹಾಗಾಗಿ ಇದು ನಮಗೂ ಹೊಸದಲ್ಲ.

ಪ್ಯಾಚ್ ಮಾಡುವಾಗ ಸ್ಕೋಪ್ ಮಾಡ್ಯೂಲ್ ಒಂದು ಪಕ್ಕದಲ್ಲಿ ಇಟ್ಕೊಳ್ಳಿ, ಸಂಶಯ ಬಂದ ಕೇಬಲ್‌ನ ಅದಕ್ಕೆ ಹಾಕಿ ವೋಲ್ಟೇಜ್ ಏನ್ ಮಾಡ್ತಿದೆ ಅಂತ ಕಣ್ಣಲ್ಲೇ ನೋಡಿ. ತೊಂ ಬರಲಿಲ್ಲ ಅಂದ್ರೆ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಾಣೋ ಹಾಗೆ ಸ್ಕ್ರೀನ್‌ಶಾಟ್ ಹಾಕಿ, ರಾತ್ರಿ ನೋಡಿ ಹೇಳ್ತೀನಿ.